ಕೇಳದಿದ್ದರೂ ಒತ್ತಿದ ಗುಂಡಿ

ನಮ್ಮ ಅಪ್ಪನಿಗೆ ಕಿವಿ ಕೇಳುವುದಿಲ್ಲ ಎಂದು ಸರ್ಕಾರವನ್ನು ನಂಬಿಸಲು ನನಗೆ ಒಂಬತ್ತು ತಿಂಗಳು ಬೇಕಾಯಿತು. ಕಾಲೇಜಿನ ಮೊದಲ ವರ್ಷದಿಂದ ದಿನಚರಿ ಬರೆಯುವ ಅಭ್ಯಾಸ ನನಗಿದೆ. ಯಾವ ದಿನ ಎಲ್ಲಿಗೆ ಹೋದೆ, ಯಾರನ್ನು ಕಂಡೆ, ಮತ್ತೆ ಯಾವಾಗ ಬರಲು ಹೇಳಿದರು ಎಲ್ಲ ಬರೆದಿಡುತ್ತೇನೆ. ಈಗ ತೆಗೆದು ನೋಡಿದರೆ ಹುನಗುಂದಕ್ಕೆ ಮೂರು ಸಲ, ಬಾಗಲಕೋಟೆಗೆ ಆರು ಸಲ, ಹುಬ್ಬಳ್ಳಿಗೆ ಒಂದು ಸಲ. ಆರರಲ್ಲಿ ಎರಡು ಸಲ ಡಾಕ್ಟರು ರಜೆಯಲ್ಲಿದ್ದರು. ಉಳಿದ ಓಡಾಟಕ್ಕೆಲ್ಲ ಅಪ್ಪನೇ ಕಾರಣ.

ಅಪ್ಪ ಇಳಕಲ್ಲಿನ ಒಂದು ಪವರ್‌ಲೂಮ್ ಶೆಡ್ಡಿನಲ್ಲಿ ಇಪ್ಪತ್ತೆಂಟು ವರ್ಷ ಸೀರೆ ನೇಯ್ದ. ಆ ಸಪ್ಪಳದಲ್ಲಿ ಯಾರ ಮಾತೂ ಯಾರಿಗೂ ಕೇಳುವುದಿಲ್ಲ. ಅಲ್ಲಿನವರು ತುಟಿ ನೋಡಿ ಮಾತು ತಿಳಿಯುತ್ತಾರೆ, ದೂರದವನ ಕೈ ಏಳುವ ಮೊದಲೇ ಅವನಿಗೆ ಏನು ಬೇಕೆಂದು ತಿಳಿಯುತ್ತಾರೆ. ಹೀಗಾಗಿ ಅಪ್ಪನ ಕಿವಿ ಯಾವ ವರ್ಷ ಹೋಯಿತೆಂಬುದು ನಮಗೆ ಗೊತ್ತೇ ಆಗಲಿಲ್ಲ. ಶೆಡ್ ಮುಚ್ಚಿದ ಮೇಲೆ ಒಬ್ಬರ ಗ್ರಾನೈಟ್ ಫ್ಯಾಕ್ಟರಿಯಲ್ಲಿ ಕಾವಲು ಕೆಲಸಕ್ಕೆ ಸೇರಿದ. ಒಂದು ದಿನ ಹಿಂದಿನಿಂದ ಲಾರಿ ಹಾರ್ನ್ ಹೊಡೆಯುತ್ತ ಬಂದರೂ ಗೇಟಿನ ನಡುವೆ ಹಾಗೇ ನಿಂತಿದ್ದ. ಮಾಲೀಕರು ಹೆದರಿ ಅಂದೇ ಮನೆಗೆ ಕಳಿಸಿದರು. ಇನ್ನು ಆಸರೆಯೆಂದರೆ ಅಂಗವಿಕಲರ ಪಿಂಚಣಿ. ಅದಕ್ಕೆ ಕಿವಿ ಕನಿಷ್ಠ ನಲವತ್ತು ಪ್ರತಿಶತ ಹೋಗಿದೆಯೆಂದು ವೈದ್ಯರು ಬರೆದುಕೊಡಬೇಕು.

ಆನ್‌ಲೈನ್ ಅರ್ಜಿ ಹಾಕಿ ಮೊದಲು ಹುನಗುಂದಕ್ಕೆ ಹೋದೆವು. ಅಲ್ಲಿನ ಡಾಕ್ಟರು ಏನೋ ಬರೆಯುತ್ತಲೇ ತಲೆಯೆತ್ತಿ, ಎಷ್ಟು ವರ್ಷದಿಂದ ಹೀಗಾಗಿದೆ ಎಂದು ಮೆಲ್ಲಗೆ ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಅಪ್ಪ, "ಹತ್ತು ವರ್ಷ ಆಗಿರಬೇಕ್ರಿ ಸಾಹೇಬ್ರ," ಎಂದ.

ಡಾಕ್ಟರು ಪೆನ್ನು ಕೆಳಗಿಟ್ಟು ನನ್ನನ್ನು ನೋಡಿದರು. ತುಟಿ ನೋಡಿ ತಿಳಿಯುತ್ತಾನೆ ಎಂದು ವಿವರಿಸಿದೆ. ಅವರು ಫೈಲನ್ನು ಬಾಯಿಗೆ ಅಡ್ಡ ಹಿಡಿದು ಇನ್ನೊಂದು ಪ್ರಶ್ನೆ ಕೇಳಿದರು. ಅಪ್ಪ ಬಹಳ ಮರ್ಯಾದೆಯಿಂದ, ಫೈಲು ಕೆಳಗಿಳಿಯುವವರೆಗೆ ಕಾದು ಕುಳಿತ. ಅವರು ನಕ್ಕು ಬಾಗಲಕೋಟೆಗೆ ಚೀಟಿ ಬರೆದರು. ಅಲ್ಲಿ ಯಂತ್ರದಲ್ಲಿ ಕಿವಿ ಪರೀಕ್ಷೆ ಮಾಡುತ್ತಾರೆ, ಆಗ ಎಲ್ಲ ತಿಳಿಯುತ್ತದೆ ಎಂದರು.

ಆ ಯಂತ್ರ ಇರುವುದು ಗಾಜಿನ ಕಿಟಕಿಯ ಒಂದು ಸಣ್ಣ ಕೋಣೆಯಲ್ಲಿ. ಒಳಗೆ ಅಪ್ಪ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕುಳಿತ. ಹೊರಗೆ ಟೆಕ್ನೀಷಿಯನ್ ಹುಡುಗ. ಸಪ್ಪಳ ಕೇಳಿದಾಗೆಲ್ಲ ಗುಂಡಿ ಒತ್ತಬೇಕು, ಎಷ್ಟೇ ಸಣ್ಣದಿದ್ದರೂ ಒತ್ತಬೇಕು ಎಂದು ಅವನು ಎರಡು ಸಲ ಚೆನ್ನಾಗಿ ತಿಳಿಸಿ ಹೇಳಿದ. ಹೊರಗಿನ ಬೆಂಚಿನ ಮೇಲೆ ಕುಳಿತ ನನಗೆ ನೆಮ್ಮದಿಯೆನಿಸಿತ್ತು. ಅರ್ಧ ತಾಸಿನ ಮೇಲೆ ಅವನು ಕಾಗದ ಕೈಗಿಟ್ಟು, "ಕಾಕಾರ ಕಿವಿ ಭಾಳ ಕೆಟ್ಟಿಲ್ಲ ತಂಗಿ. ಇದಕ್ಕ ಸರ್ಟಿಫಿಕೇಟ್ ಬರಂಗಿಲ್ಲ," ಎಂದ.

ಬಸ್‌ಸ್ಟ್ಯಾಂಡಿಗೆ ಬಂದೆವು. ಅಲ್ಲಿ ಅಪ್ಪನ ಎದುರು ಕುಳಿತು, ನಿಜವಾಗಿಯೂ ಕೇಳಿಸಿತೇ ಎಂದು ಕೇಳಿದೆ. ಅಪ್ಪನಿಗೆ ಒಳಗೊಳಗೇ ಹಿಗ್ಗು.

"ಕೇಳಸೂದು ಎಲ್ಲಿ ಬಂತು ಯವ್ವಾ. ಆ ಹುಡುಗ ಸಪ್ಪಳ ಬಿಡುವಾಗ ಗಾಜಿನ್ಯಾಗ ಅವನ ಬಲಗಡಿ ಭುಜ ಒಂಚೂರು ಇಳೀತಿತ್ತು. ನೋಡಕೋತ ಒತ್ತಿದೆ. ಒಂದೂ ತಪ್ಪಿಲ್ಲ."

"ಕೇಳಿದ್ರ ಒತ್ತು ಅಂದಿದ್ರಲ್ಲಪಾ."

"ಅಷ್ಟು ಚಂದಂಗ ಹೇಳಿಕೊಟ್ಟಾನ. ಸುಮ್ಮ ಕುಂತ್ರ ಹೆಡ್ಡ ಅನ್ನಂಗಿಲ್ಲೇನು?"

ಆ ರಾತ್ರಿ ಊಟಕ್ಕೆ ಕುಳಿತಾಗ ಅವ್ವನಿಗೆ ಹೇಳಿದೆ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಲೂ ಇಲ್ಲ. "ಸಾಲ್ಯಾಗ ಹಿಂಗ ಪಾಸಾಗಿದ್ರ ನಿಮ್ಮಪ್ಪ ಇಷ್ಟೊತ್ತಿಗೆ ತಹಶೀಲ್ದಾರ ಆಗಿರ್ತಿದ್ದ," ಎಂದಳು. ನನಗೆ ನಗು ಬರಲಿಲ್ಲ. ಮೂರು ತಿಂಗಳ ಓಡಾಟವನ್ನು ಒಬ್ಬ ಹುಡುಗನ ಭುಜ ನೋಡಿ ಮುಗಿಸಿಬಿಟ್ಟಿದ್ದ ಅಪ್ಪ.

ಮತ್ತೆ ಅರ್ಜಿ, ಮತ್ತೆ ಕಾಯುವುದು. ಎರಡನೆಯ ಪರೀಕ್ಷೆಯ ದಿನ, ಅಪ್ಪನ ಕುರ್ಚಿಯನ್ನು ಗೋಡೆಯ ಕಡೆ ತಿರುಗಿಸಲು ಆ ಹುಡುಗನನ್ನು ಬೇಡಿಕೊಂಡೆ. ಕಾರಣ ಕೇಳಿ ಅವನಿಗೆ ನಂಬಿಕೆ ಬರಲಿಲ್ಲ, ಆದರೂ ತಿರುಗಿಸಿದ. ನಾನು ಅವನ ಪಕ್ಕದಲ್ಲೇ ನಿಂತೆ. ಅವನು ಸಪ್ಪಳ ಏರಿಸುತ್ತ ಹೋದ. ಕೊನೆಕೊನೆಗೆ ಗಾಜಿನಾಚೆಯ ಹೆಡ್‌ಫೋನಿನ ಕೂಗು ಹೊರಗೆ ನಿಂತ ನನಗೇ ಕೇಳಿತು. ಒಳಗೆ ಅಪ್ಪ ಹೆಬ್ಬೆರಳನ್ನು ಗುಂಡಿಯ ಮೇಲಿಟ್ಟುಕೊಂಡು, ಇನ್ನೂ ಶುರುವಾಗಿಲ್ಲವೆಂಬಂತೆ ಗೋಡೆ ನೋಡುತ್ತಿದ್ದ. ಅಲ್ಲಿಯವರೆಗೆ ನನಗೂ ಅಪ್ಪನ ಕಿವಿ ಇಷ್ಟು ಹೋಗಿದೆಯೆಂದು ತಿಳಿದಿರಲಿಲ್ಲ.

ಕೆಲಸ ಮುಗಿಯಿತು ಅಂದುಕೊಂಡೆ. ಆದರೆ ಸರ್ಟಿಫಿಕೇಟ್ ಕೊಡುವ ವೈದ್ಯರ ಮಂಡಳಿಯ ದೊಡ್ಡ ಡಾಕ್ಟರು ಎರಡೂ ಕಾಗದಗಳನ್ನು ಪಕ್ಕಪಕ್ಕ ಇಟ್ಟರು. ಒಂದರಲ್ಲಿ ಕಿವಿ ಇದೆ, ಒಂದರಲ್ಲಿ ಇಲ್ಲ. ಯಾವುದನ್ನು ನಂಬಬೇಕು ಎಂದು ಅಪ್ಪನನ್ನೇ ಕೇಳಿದರು: ನಿಜ ಹೇಳಿ, ಕೇಳುತ್ತದೋ ಇಲ್ಲವೋ. ಅಪ್ಪ ಅವರ ತುಟಿ ನೋಡಿದ. ಅಷ್ಟು ಜನ ಕುಳಿತ ಕೋಣೆ. ಅವನಿಗೆ ನಾಚಿಕೆಯಾಯಿತು.

"ಅಷ್ಟಿಷ್ಟು ಕೇಳಸ್ತೈತ್ರಿ."

ಡಾಕ್ಟರು ಹುಬ್ಬಳ್ಳಿಗೆ ಬರೆದರು. ಅಲ್ಲಿ ತಲೆಗೆ ತಂತಿ ಹಚ್ಚಿ ಮಲಗಿಸಿ ಮಾಡುವ ಪರೀಕ್ಷೆಯಿದೆಯಂತೆ. ಅದರಲ್ಲಿ ರೋಗಿಯನ್ನು ಏನೂ ಕೇಳುವುದೇ ಇಲ್ಲ. ನಮಗೆ ಬೇಕಾದ ಪರೀಕ್ಷೆ ಮೊದಲಿನಿಂದಲೂ ಅದೇ.

ಹೊರಗೆ ಬಂದವಳೇ ನಾನು ಅಪ್ಪನನ್ನು ಬಿಟ್ಟು ಮುಂದೆ ನಡೆಯುತ್ತ ಬೈಯತೊಡಗಿದೆ. ಇಲ್ಲದ ಕಿವಿಯನ್ನು ಇದೆ ಎಂದು ಹೇಳಿ ಯಾರ ಹತ್ತಿರ ಶಹಬ್ಬಾಸ್ ತೆಗೆದುಕೊಳ್ಳಬೇಕಾಗಿದೆ, ಪಿಂಚಣಿ ಬೇಡವಾದರೆ ಹೇಳಿಬಿಡು, ನನಗೂ ಪರೀಕ್ಷೆಗಳಿವೆ ಎಂದು ಕೂಗಿದೆ. ದಾರಿಯಲ್ಲಿದ್ದವರು ತಿರುಗಿ ನೋಡಿದರು. ಅಪ್ಪ ದಾಪುಗಾಲು ಹಾಕಿ ಬಂದು ನನ್ನ ತೋಳು ಹಿಡಿದ.

"ಇತ್ತಾಗ ಮುಖ ಮಾಡಿ ಬೈ ಯವ್ವಾ," ಎಂದ. "ಏನೂ ತಿಳಿವಲ್ದು."

ಬೈಯಬೇಕೆಂದಿದ್ದ ಮಾತುಗಳಲ್ಲಿ ಇನ್ನೂ ಅರ್ಧ ಉಳಿದಿದ್ದವು. ಅವನ ಕಡೆ ತಿರುಗಿ ಒಂದನ್ನೂ ಆಡಲಾಗಲಿಲ್ಲ. ನಾಚಿಕೊಳ್ಳಬೇಡ, ಇಲ್ಲ ಅಂದರೆ ಇಲ್ಲ ಅನ್ನು ಎಂದಷ್ಟೇ ನಿಧಾನವಾಗಿ, ತುಟಿ ಕಾಣುವಂತೆ ಹೇಳಿದೆ.

ಹುಬ್ಬಳ್ಳಿಯಲ್ಲಿ ಅಪ್ಪ ತಂತಿ ಹಚ್ಚಿಸಿಕೊಂಡು ಗಡದ್ದಾಗಿ ನಿದ್ದೆ ಮಾಡಿದ. ಆ ಕಾಗದ ಹಿಡಿದು ಕೊನೆಯ ಸಲ ಬಾಗಲಕೋಟೆಯ ಅದೇ ಮೇಜಿನ ಮುಂದೆ ನಿಂತಾಗ, ಡಾಕ್ಟರು ಓದಿ ಮುಗಿಸಿ ಮತ್ತೆ ಅದೇ ಪ್ರಶ್ನೆ ಕೇಳಿದರು. ನಾನು ಅಪ್ಪನ ಮುಖ ನೋಡಿದೆ.

ಅಪ್ಪ ಅವರ ತುಟಿ ನೋಡಿದ. ಪ್ರಶ್ನೆ ಅವನಿಗೆ ತಿಳಿಯಿತು ಎಂಬುದು ನನಗೆ ಗೊತ್ತಾಯಿತು. "ಕೇಳಂಗಿಲ್ರಿ," ಎಂದು ಹೇಳಿ ತಲೆ ತಗ್ಗಿಸಿ ನೆಲ ನೋಡುತ್ತ ನಿಂತ. ಡಾಕ್ಟರು ಮತ್ತೇನೋ ಹೇಳಿದರು, ಪಕ್ಕದವರು ಸರ್ಟಿಫಿಕೇಟಿನ ಕಾಗದಕ್ಕೆ ಸಹಿ ಮಾಡಲು ಅಪ್ಪನನ್ನು ಎರಡು ಸಲ ಕರೆದರು. ಕಡೆಗೆ ನಾನೇ ಹೆಗಲು ಮುಟ್ಟಿ ತಲೆ ಎತ್ತಿಸಬೇಕಾಯಿತು.