ಮೂಸಿದ ಬಸ್ಸಾರು

ವೈನ್ ಬಗ್ಗೆ ಬರೆದೂ ಬರೆದೂ ನನಗೊಂದು ಕೆಟ್ಟ ಚಾಳಿ ಅಂಟಿದೆ. ಏನೇ ಕೊಟ್ಟರೂ ಮೊದಲು ಮೂಸುತ್ತೇನೆ. ಬಸ್ಸಾರಿನ ಮೇಲೆ ಲೇಖನ ಬರೆಯಲು ಕೂಟಗಲ್‌ಗೆ ಹೋದಾಗ, ಆ ಹಳ್ಳಿಯಲ್ಲಿ ನನ್ನನ್ನು ಊಟಕ್ಕೆ ಕರೆದಿದ್ದ ಮನೆಯ ಜಯಮ್ಮನವರು ಮುದ್ದೆ ಇಟ್ಟು, ಬಟ್ಟಲು ತುಂಬ ಸಾರು ಬಿಟ್ಟರು. ನಾನು ಬಟ್ಟಲೆತ್ತಿ, ಒಮ್ಮೆ ತಿರುಗಿಸಿ, ಕಣ್ಣು ಮುಚ್ಚಿ ಮೂಗಿಗೆ ಹಿಡಿದೆ.

ಜಯಮ್ಮನವರ ಮುಖ ಇಳಿದುಹೋಯಿತು. "ಹಳಸೋಗೈತಾ ಸಾ?"

"ಇಲ್ಲಮ್ಮ, ಘಮ ನೋಡ್ತಿದ್ದೆ."

"ಸುಳ್ಳು ಯೋಳ್ಬ್ಯಾಡಿ. ಚೆನ್ನಾಗಿರೋ ಸಾರ್ನ ಯಾರಾನಾ ಮೂಸ್ತಾರಾ?" ಅಂದವರೇ ಬಟ್ಟಲು ಕಸಿದುಕೊಂಡು, ಪಾತ್ರೆಯಲ್ಲಿದ್ದದ್ದನ್ನೂ ಸೇರಿಸಿ ಹಸುವಿನ ಕಲಗಚ್ಚಿಗೆ ಸುರಿದುಬಿಟ್ಟರು. ನನ್ನ ಮುದ್ದೆಗೆ ಮಜ್ಜಿಗೆ ಬಂತು.

ಲೇಖನದಲ್ಲಿ ಬಸ್ಸಾರಿನ ಘಮದ ಬಗ್ಗೆ ಒಂದಿಡೀ ಪುಟ ಬರೆದಿದ್ದೇನೆ. ರುಚಿ ಹೇಗಿತ್ತು ಅನ್ನುವುದನ್ನು ಆ ಹಸುವನ್ನೇ ಕೇಳಬೇಕು.