ರಂಗನ ಸರದಿ

ಕಳೆದ ವಾರ ಹೊಳಲ್ಕೆರೆ ಬಸ್ ನಿಲ್ದಾಣದಲ್ಲಿ ಚಿತ್ರದುರ್ಗದ ಬಸ್ಸಿಗೆ ಕಾಯುತ್ತಿದ್ದಾಗ ಕಂಬಳಿಯ ವಾಸನೆ ಬಂತು. ಬೆಳಿಗ್ಗೆ ನಾಲ್ಕು ಹನಿ ಮಳೆ ಬಿದ್ದಿತ್ತು. ಗೋಡೆಯ ಪಕ್ಕದಲ್ಲಿ ವಯಸ್ಸಾದವರೊಬ್ಬರು ಹೆಗಲ ಮೇಲೊಂದಿಷ್ಟು, ನೆಲದ ಮೇಲೊಂದಿಷ್ಟು ಕರಿ ಕಂಬಳಿ ಇಟ್ಟುಕೊಂಡು ಮಾರುತ್ತಿದ್ದರು. ನೆನೆದ ಕುರಿಯುಣ್ಣೆಯ ವಾಸನೆ ಎಲ್ಲರಿಗೂ ಹಿಡಿಸುವಂಥದ್ದಲ್ಲ. ಪಕ್ಕದಲ್ಲಿ ನಿಂತಿದ್ದ ಹುಡುಗಿಯೊಬ್ಬಳು ದುಪಟ್ಟಾದಿಂದ ಮೂಗು ಮುಚ್ಚಿಕೊಂಡು ಅತ್ತ ಸರಿದಳು. ನಾನು ಮಾತ್ರ ಹತ್ತಿರ ಹೋದೆ. ಆ ವಾಸನೆಯಲ್ಲಿ ಹರಳೆಣ್ಣೆಯ ವಾಸನೆಯೂ ಬೆರೆತಿರಬೇಕಿತ್ತು ಎಂದು ನನ್ನ ಮೂಗು ಹುಡುಕಿತು. ಇರಲಿಲ್ಲ...

ಕಂಬಳಿಯೂ ಹರಳೆಣ್ಣೆಯೂ ಸೇರಿದ ವಾಸನೆ ರಂಗನ ಅವ್ವನದು.

ಆಕೆಯ ಹೆಸರು ನನಗೆ ಗೊತ್ತಿಲ್ಲ. ಚಿತ್ರದುರ್ಗದಲ್ಲಿ ನಾವು ಮಕ್ಕಳನ್ನು ಎತ್ತಿಕೊಂಡು ಹೋಗುತ್ತಿದ್ದ ಥೆರಪಿ ಕೇಂದ್ರದಲ್ಲಿ ತಾಯಂದಿರಿಗೆ ಹೆಸರೇ ಇರಲಿಲ್ಲ. ನಾನು ಸಿಂಚನಾಳ ಅಮ್ಮ, ಆಕೆ ರಂಗನ ಅವ್ವ. ಜಗುಲಿಯ ಬೆಂಚಿನ ಮೇಲೆ ಕೂತವರೆಲ್ಲ ಹೀಗೇ ಮಕ್ಕಳ ಹೆಸರು ಹಿಡಿದು ಕರೆಸಿಕೊಳ್ಳುವವರು. ಅದರಲ್ಲಿ ಒಂದು ನೆಮ್ಮದಿಯೂ ಇತ್ತು. ಹೊರಗೆ ನಮ್ಮನ್ನು "ಆ ಮಗುವಿನ ತಾಯಿ" ಎಂದು ದನಿ ತಗ್ಗಿಸಿ ಹೇಳುತ್ತಿದ್ದರು, ಇಲ್ಲಿ ಗಟ್ಟಿಯಾಗಿ ಕೂಗುತ್ತಿದ್ದರು.

ಸಿಂಚನಾ ಹುಟ್ಟಿದಾಗ ಅಳಲಿಲ್ಲ. ಮಿದುಳಿಗೆ ಉಸಿರು ಸಾಲದೆ ಹೋಯಿತು, ಸೆರೆಬ್ರಲ್ ಪಾಲ್ಸಿ ಎಂದರು ಡಾಕ್ಟರು. ಎತ್ತಿಕೊಂಡರೆ ಕಾಲೆರಡೂ ಕತ್ತರಿಯಂತೆ ಹೆಣೆದುಕೊಂಡು ಸೆಟೆಯುತ್ತಿದ್ದವು. ಭೀಮಸಮುದ್ರದ ಅಡಿಕೆ ವ್ಯಾಪಾರದ ಮನೆ ನಮ್ಮದು, ಬಂದುಹೋಗುವವರಿಗೆ ಬರವಿಲ್ಲ. ಬಂದವರೆಲ್ಲ ಒಂದು ದೇವರು, ಒಂದು ಎಣ್ಣೆ ಹೇಳಿ, ಲೊಚಗುಟ್ಟಿ ಹೋಗುತ್ತಿದ್ದರು. ಲೊಚಗುಟ್ಟಿದವರಿಗೆ ನಾನು ಕಾಫಿ ಕೊಡುವುದನ್ನೇ ನಿಲ್ಲಿಸಿದೆ. ನನ್ನ ಬಾಯಿ ಸ್ವಲ್ಪ ಜೋರು, ಅದನ್ನು ಮುಚ್ಚಿಟ್ಟು ಏನೂ ಪ್ರಯೋಜನವಿಲ್ಲ.

ಕೇಂದ್ರ ಎಂದರೆ ಶೀಟಿನ ಮಾಡಿನ ಒಂದು ಉದ್ದನೆಯ ಕೋಣೆ, ಮುಂದೊಂದು ಜಗುಲಿ, ಮೂರು ಮೆಟ್ಟಿಲು. ಒಳಗೆ ಚಾಪೆ, ದೊಡ್ಡ ರಬ್ಬರ್ ಚೆಂಡು, ಹಿಡಿದು ನಡೆಯಲು ಎರಡು ಕಬ್ಬಿಣದ ಕಂಬಿ. ಇಡೀ ಕೇಂದ್ರಕ್ಕೆ ಒಬ್ಬರೇ ಥೆರಪಿ ಮೇಡಂ. ಮಂಗಳವಾರ, ಶುಕ್ರವಾರ ಪ್ರತಿ ಮಗುವಿಗೂ ಒಂದು ಸರದಿ. ಹೊಸದುರ್ಗ, ಹಿರಿಯೂರು ಕಡೆಯಿಂದೆಲ್ಲ ಹೆಸರು ಕೊಟ್ಟು ಕಾಯುತ್ತಿದ್ದವರು ಎಷ್ಟೋ ಜನ. ಹಾಗಾಗಿ ಒಂದು ನಿಯಮವಿತ್ತು: ಒಂದರ ಹಿಂದೊಂದು ಎರಡು ಸಲ ತಪ್ಪಿಸಿದರೆ ಆ ಸರದಿ ಮುಂದಿನ ಮಗುವಿಗೆ. ನನ್ನ ಮೈದುನನ ಮದುವೆಯ ದಿನವೂ ನಾನು ಧಾರೆ ಮುಗಿದದ್ದೇ ಬಸ್ಸು ಹತ್ತಿ ಹೋಗಿ ಬಂದೆ. ಮನೆಯಲ್ಲಿ ದೊಡ್ಡ ರಾದ್ಧಾಂತವಾಯಿತು.

ರಂಗನ ಅವ್ವ ಬರುತ್ತಿದ್ದದ್ದು ರಾಮಗಿರಿಯಿಂದ ಆಚೆಗಿನ ಒಂದು ಹಟ್ಟಿಯಿಂದ. ಕುರಿ ಕಾಯುವವರ ಹಟ್ಟಿ. ಗಂಡ ವರ್ಷದ ಅರ್ಧ ಭಾಗ ಕುರಿ ಹೊಡೆದುಕೊಂಡು ಭದ್ರಾ ನೀರಿನ ಗದ್ದೆಗಳ ಕಡೆ ಹೋಗಿರುತ್ತಿದ್ದ. ಆಕೆ ಮಗನನ್ನು ಕಂಬಳಿಯಲ್ಲಿ ಬೆನ್ನಿಗೆ ಕಟ್ಟಿಕೊಂಡು, ರಸ್ತೆಗೆ ನಡೆದು ಬಂದು, ಹೊಳಲ್ಕೆರೆಯಲ್ಲಿ ಬಸ್ಸು ಬದಲಿಸಿ, ನಮ್ಮೆಲ್ಲರಿಗಿಂತ ಮೊದಲೇ ಬಂದಿರುತ್ತಿದ್ದಳು. ಬಂದವಳೇ ಆ ಕಂಬಳಿಯನ್ನು ಜಗುಲಿಯ ಮೇಲೆ ಹಾಸುವಳು. ನಮ್ಮ ಮಕ್ಕಳೆಲ್ಲ ಅದರ ಮೇಲೆ ಹೊರಳಾಡಿಕೊಂಡಿರುತ್ತಿದ್ದವು. ಮಾತು ಬರುವ ಮಕ್ಕಳೆಲ್ಲ ಆಕೆಯನ್ನು ಅವ್ವ ಎಂದೇ ಕರೆಯುತ್ತಿದ್ದವು. ಮಾತು ತಡವಾಗಿ ಬಂದ ನನ್ನ ಸಿಂಚನಾ "ಅಮ್ಮ" ಎನ್ನುವುದಕ್ಕಿಂತ ಮೊದಲು ಹೇಳಿದ್ದು ಆ "ಅವ್ವ" ಎಂಬ ಮಾತನ್ನು. ನನಗೆ ಹೊಟ್ಟೆಕಿಚ್ಚಾಗಿತ್ತು.

ಆಕೆ ಮಹಾತಾಯಿಯೇನಲ್ಲ. ಹೇಳಿಕೊಟ್ಟ ವ್ಯಾಯಾಮವನ್ನು ಮನೆಯಲ್ಲಿ ಮಾಡಿಸಿದಿರಾ ಎಂದು ಮೇಡಂ ಕೇಳಿದರೆ ನಾವೆಲ್ಲ ದಿನಾ ಮಾಡಿಸಿದೆವು ಎಂದು ತಲೆಯಾಡಿಸುತ್ತಿದ್ದೆವು. ಆಕೆ ಮಾತ್ರ "ಇಲ್ಲ ಮೇಡಮ್ಮ, ಕುರಿ ಈಯ್ತಿದ್ವು, ಕೈ ಬಿಡುವಿರ್ಲಿಲ್ಲ" ಎಂದುಬಿಡುವಳು. ಮೇಡಂ ಬೈಯುವರು. ಬೈಸಿಕೊಂಡು ಬಂದು ನಮ್ಮ ಮುಖ ನೋಡಿ ಬಾಯಿ ತುಂಬ ನಗುವಳು.

ರಂಗನಿಗೆ ಆಗ ಐದು ವರ್ಷ. ಪೂರ್ತಿ ಹೆಸರು ರಂಗಸ್ವಾಮಿ. ಕುತ್ತಿಗೆ ನಿಲ್ಲುವುದೇ ಕಷ್ಟ, ಆಗಾಗ ಫಿಟ್ಸು, ಅದಕ್ಕೆ ಮಾತ್ರೆ. ಬಸ್ಸಿನ ಹಾರನ್ ಕೇಳಿದರೆ ಮಾತ್ರ ಇಡೀ ಮೈ ಕುಲುಕಿಸಿ ನಗುತ್ತಿದ್ದ. ಮಡಚಿಕೊಂಡಿದ್ದ ಪಾದ ನೇರ ನಿಲ್ಲಲೆಂದು ಮೇಡಂ ಅವನ ಕಾಲಿಗೆ ಅಚ್ಚು ತೆಗೆಸಿ, ಬಿಳಿ ಪ್ಲಾಸ್ಟಿಕ್ಕಿನ ಒಂದು ಜೊತೆ ಸ್ಪ್ಲಿಂಟು ಮಾಡಿಸಿಕೊಟ್ಟಿದ್ದರು. ಮೊಣಕಾಲಿನ ಕೆಳಗಿನವರೆಗೆ ಬರುವ ಬೂಟಿನಂಥದ್ದು. ಅದು ಬಂದ ಕೆಲವು ವಾರಕ್ಕೆ ಒಂದು ದಿನ ರಂಗ ಕಂಬಳಿಯ ಮೇಲೆ ಕೈ ಊರಿ, ಯಾರೂ ಹಿಡಿಯದೆ ಕೂತ. ಒಂದು ಗುಟುಕು ನೀರು ಕುಡಿಯುವಷ್ಟು ಹೊತ್ತು... ಬೆಂಚಿನವರೆಲ್ಲ ಎದ್ದು ನಿಂತು ಚಪ್ಪಾಳೆ ಹೊಡೆದೆವು. ಆಕೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ನಗುತ್ತಲೇ ಇದ್ದಳು.

ಅದಾದ ಮೇಲೆ ಒಂದು ಶುಕ್ರವಾರ ಆಕೆ ಬರಲಿಲ್ಲ. ಕುರಿ ಈದಿರಬೇಕು ಎಂದು ತಮಾಷೆ ಮಾಡಿಕೊಂಡೆವು.

ಮುಂದಿನ ಮಂಗಳವಾರ ಬಂದಳು. ಬಂದವಳು ಕಂಬಳಿ ಹಾಸಲಿಲ್ಲ, ಜಗುಲಿಯನ್ನೂ ಹತ್ತಲಿಲ್ಲ. ಕೆಳಗಿನ ಮೆಟ್ಟಿಲ ಮೇಲೆ, ಮಡಿಲಲ್ಲಿ ಕಂಬಳಿ ಹೊದ್ದು ಮಲಗಿದ್ದ ಮಗುವನ್ನು ಇಟ್ಟುಕೊಂಡು ನಮ್ಮ ಕಡೆ ಬೆನ್ನು ಹಾಕಿ ಕೂತಳು. "ಯಾಕೆ ಅಲ್ಲಿ ಕುಂತೆ, ಬಾರವ್ವ ಮೇಲೆ" ಎಂದೆ. ತಿರುಗದೆಯೇ ಬೇಡವೆಂದು ಕೈಯಾಡಿಸಿದಳು.

ಮೇಡಂ ಬಾಗಿಲಿಗೆ ಬಂದು ಎಂದಿನಂತೆ ಕೂಗಿದರು. "ರಂಗಸ್ವಾಮೀ..."

ಆಕೆ ಎದ್ದು ನಿಂತು ಕಂಬಳಿ ಸರಿಸಿದಳು. ಅದರೊಳಗೆ ಇದ್ದದ್ದು ರಂಗನಲ್ಲ. ಎರಡು ಜಡೆ ಹಾಕಿದ್ದ, ಮೂರು ವರ್ಷದ ಒಂದು ಹೆಣ್ಣು ಕೂಸು. ಅದರ ಕಾಲೂ ಕತ್ತರಿಯಂತೆ ಹೆಣೆದುಕೊಂಡಿತ್ತು.

ಅದೇ ಕಂಬಳಿ, ಅದೇ ಚೀಲ, ಅದೇ ಸರದಿ, ಮಗು ಬೇರೆ. ಮೇಡಂ ಬಾಗಿಲ ಚೌಕಟ್ಟು ಹಿಡಿದುಕೊಂಡರು.

"ಇದ್ಯಾರು? ರಂಗ ಎಲ್ಲಿ?"

"ರಂಗ ಹೋದ ಮೇಡಮ್ಮ. ಜ್ವರ ಬಂದು ಎದೆ ಕಟ್ಕಂತು. ಶನಿವಾರ ಹೋದ. ನಿನ್ನೆ ಹಾಲು ತುಪ್ಪ ಬಿಟ್ವಿ." ಆಕೆಯ ದನಿ ಬಸ್ಸಿನ ಸಮಯ ಹೇಳಿದಷ್ಟು ಸಾಮಾನ್ಯವಾಗಿತ್ತು. "ಇದು ನಮ್ಮ ಪಕ್ಕದ ಮನೆ ಕೂಸು, ಭಾಗ್ಯ. ಇದಕ್ಕೂ ಹಂಗೇ ಐತೆ. ಶುಕ್ರವಾರ ತಪ್ಪಿಸಿದ್ದೆ, ಇವತ್ತೂ ತಪ್ಪಿದ್ರೆ ಸರದಿ ಹೋಗ್ತೈತಲ್ಲ, ಅದಕ್ಕೇ ಕರ್ಕಂಡು ಬಂದೆ."

ಮಗನನ್ನು ಮಣ್ಣು ಮಾಡಿ ಮೂರೇ ದಿನಕ್ಕೆ ಬೇರೆಯವರ ಮಗುವನ್ನು ಬೆನ್ನಿಗೆ ಕಟ್ಟಿಕೊಂಡು ಎರಡು ಬಸ್ಸು ಹತ್ತಿ ಬಂದಿದ್ದಾಳೆ! ಇವಳದು ಎದೆಯೋ ಕಲ್ಲೋ ಎಂದು ನನಗೆ ಸಿಟ್ಟು ಬಂತು. ನಿಜವಾಗಿಯೂ ಸಿಟ್ಟೇ ಬಂತು. ಸಿಂಚನಾಳನ್ನು ಗಟ್ಟಿಯಾಗಿ ಅವುಚಿಕೊಂಡೆ, ಅವಳು ನೋವಾಗಿ ಕಿರುಚಿದಳು.

ಮೊದಲು ಬಾಯಿ ಬಿಟ್ಟವಳು ನಮ್ಮ ಬೆಂಚಿನ ಮೇಲೆ ಮಗುವಿನೊಂದಿಗೆ ಕೂತಿದ್ದ ಹಿರಿಯೂರಿನವಳು. ಅವಳ ತಂಗಿಯ ಮಗ ಕಾಯುವವರ ಪೈಕಿ ಮೊದಲನೆಯವನು. ಅವಳೂ ಕೆಟ್ಟವಳೇನಲ್ಲ, ತಂಗಿಯ ಮಗುವಿನ ಮೇಲೆ ಜೀವವಿಟ್ಟುಕೊಂಡಿದ್ದಳು.

"ಸೂತಕದಾಗೆ ಬಂದೀಯಲ್ಲ, ಇಲ್ಲಿ ಎಲ್ರ ಮಕ್ಳೂ ಅವೆ. ಬುದ್ಧಿ ಬ್ಯಾಡ್ವಾ? ಆ ಸರದಿ ನಮ್ಮ ತಂಗಿ ಮಗಂಗೆ ಬರ್ಬೇಕಾದ್ದು."

ರಂಗನ ಅವ್ವ ಅವಳನ್ನು ಬೈಯಲಿಲ್ಲ. "ಸೂತಕ ನಂಗೆ, ಕೂಸಿಗಲ್ಲ. ಅದಕ್ಕೇ ಮೆಟ್ಲ ಮೇಲೆ ಕುಂತೀನಿ. ನಾನು ಒಳಗೆ ಬರಲ್ಲ. ಯಾರಾರ ಒಬ್ರು ಎತ್ಕಂಡು ಹೋಗ್ರಿ" ಎಂದಳು. ಎರಡೂ ಕೈಯಲ್ಲಿ ಕೂಸನ್ನು ಮುಂದಕ್ಕೆ ಚಾಚಿಕೊಂಡು ಹಾಗೇ ನಿಂತಳು.

ಎಷ್ಟು ಹೊತ್ತು ನಿಂತಿದ್ದಳೋ... ಸೆಟೆದ ಮಗುವನ್ನು ಚಾಚಿ ಹಿಡಿಯುವುದು ಎಂಥ ಭಾರ ಎಂದು ಆ ಬೆಂಚಿನ ಮೇಲಿದ್ದ ನಮಗೆಲ್ಲ ಗೊತ್ತು. ಯಾರೂ ಏಳಲಿಲ್ಲ. ನಾನು ಸಿಂಚನಾಳನ್ನು ಬೆಂಚಿನ ಮೇಲೆ ಒರಗಿಸಿ ಎದ್ದು ಹೋಗಿ ಆ ಕೂಸನ್ನು ಇಸಿದುಕೊಂಡೆ. ಸಿಟ್ಟು ಇಳಿದಿರಲಿಲ್ಲ. ಆದರೂ ಹೋದೆ. ಸೂತಕದವಳನ್ನು ಮುಟ್ಟಿ ಬಂದೆನೆಂದು ಸಂಜೆ ಮನೆಯಲ್ಲಿ ಅತ್ತೆ ಹೊಸ್ತಿಲಾಚೆ ನಿಲ್ಲಿಸಿ ತಲೆಯ ಮೇಲೆ ನೀರು ಹೊಯ್ದರು.

"ಬಂದ ಮಗೂನ ವಾಪಸ್ ಕಳಿಸೋಕೆ ನನ್ನಿಂದ ಆಗಲ್ಲ. ಉಳಿದದ್ದು ಆಮೇಲೆ ನೋಡೋಣ" ಎಂದರು ಮೇಡಂ.

ಭಾಗ್ಯಳ ಸರದಿ ಮುಗಿದು ಮೇಡಂ ಅವಳನ್ನು ಎತ್ತಿಕೊಂಡು ಮೆಟ್ಟಿಲಿಗೆ ಬಂದಾಗ ರಂಗನ ಅವ್ವ ಚೀಲದಿಂದ ಆ ಬಿಳಿ ಸ್ಪ್ಲಿಂಟುಗಳನ್ನು ತೆಗೆದಳು. ತೊಳೆದು ಒರೆಸಿ ತಂದಿದ್ದಳು.

"ಹೊಸಾವು ಇನ್ನೂ. ಇದಕ್ಕೆ ಆಗ್ತಾವಾ ನೋಡ್ರಿ ಮೇಡಮ್ಮ."

ಮೇಡಂ ಅವನ್ನು ಕೈಗೆ ತೆಗೆದುಕೊಳ್ಳಲೂ ಹೆದರಿದರು. "ಆಗಲ್ಲಮ್ಮ. ಇದು ರಂಗನ ಕಾಲಿನ ಅಚ್ಚು. ಇನ್ಯಾರ ಕಾಲಿಗೂ ಆಗಲ್ಲ."

ಅಲ್ಲಿಯವರೆಗೂ ಆಕೆಯ ಕಣ್ಣಿನಲ್ಲಿ ಹನಿ ನೀರಿರಲಿಲ್ಲ. ಸ್ಪ್ಲಿಂಟಿನ ಒಳಗೆ ಬೆರಳಿಟ್ಟು, ಅವನ ಕಾಲಿನ ಗಿಣ್ಣು ಕೂರುತ್ತಿದ್ದ ಗುಳಿಯನ್ನು ಸವರಿದಳು. ಮತ್ತೆ ಸವರಿದಳು. ಆಮೇಲೆ ಆಕೆಯ ಬಾಯಿಂದ ಬಂದ ಕೂಗು... ಕುರಿ ಕಾಯುವವರು ಬಯಲಿನಲ್ಲಿ ದೂರದವರನ್ನು ಕರೆಯುವ ಹಾಗಿತ್ತು ಅದು. ಒಳಗಿದ್ದ ಮಕ್ಕಳೆಲ್ಲ ಬೆಚ್ಚಿ ಅಳತೊಡಗಿದವು. ಹಿರಿಯೂರಿನವಳು ಸೂತಕ ಗೀತಕ ಮರೆತು ಇಳಿದು ಹೋಗಿ ಆಕೆಯ ತಲೆಯನ್ನು ತನ್ನ ಹೊಟ್ಟೆಗೆ ಒತ್ತಿಕೊಂಡಳು. ನಾನು ಕೂತಲ್ಲೇ ಕೂತಿದ್ದೆ.

ಮುಂದಿನ ವಾರದಿಂದ ಮೇಡಂ ಒಂದೇ ಸರದಿಯಲ್ಲಿ ಎರಡು ಮಕ್ಕಳನ್ನು ಚಾಪೆಗೆ ಹಾಕಿಕೊಂಡರು. ಭಾಗ್ಯ ಒಂದು ಕಡೆ, ಹಿರಿಯೂರಿನವಳ ತಂಗಿಯ ಮಗ ಇನ್ನೊಂದು ಕಡೆ. ಮೇಡಂ ಒಬ್ಬರಿಗೆ ಮಾಡಿಸುವಾಗ ಇನ್ನೊಬ್ಬರಿಗೆ ಜೊತೆಗೆ ಬಂದ ದೊಡ್ಡವರೇ ಮಾಡಿಸಬೇಕು. ರಂಗನ ಅವ್ವ ಈಗ ಕುರಿ ಈದ ನೆಪ ಹೇಳುತ್ತಿರಲಿಲ್ಲ. ನಗುವುದೂ ಕಡಿಮೆಯಾಗಿತ್ತು. ಒಮ್ಮೆ ಯಾರೋ ಮರೆತು "ಭಾಗ್ಯನ ಅಮ್ಮ" ಎಂದಾಗ ಆಕೆ ಅಲ್ಲೇ ತಿದ್ದಿದಳು. "ಭಾಗ್ಯನ ಅವ್ವ ಹಟ್ಟಿಯಾಗೆ ಅವ್ಳೆ. ನಾನು ರಂಗನ ಅವ್ವ."

ಭಾಗ್ಯ ಕೂತಳು, ಕಂಬಿ ಹಿಡಿದು ನಿಂತಳು. ಅವಳು ಹೆಜ್ಜೆ ಇಡುವುದನ್ನು ನಾನು ನೋಡಲಿಲ್ಲ. ಅಷ್ಟರಲ್ಲಿ ಸಿಂಚನಾಳಿಗೆ ಸೊಂಟದ ಆಪರೇಷನ್ ಆಗಿ ನಮ್ಮ ಓಡಾಟ ಬೇರೆ ಕಡೆಗೆ ತಿರುಗಿತು. ಆ ಕೇಂದ್ರವೂ ಮುಚ್ಚಿತೆಂದು ಯಾರೋ ಹೇಳಿದರು. ಆಕೆಯ ಹಟ್ಟಿಗೊಮ್ಮೆ ಹೋಗಬೇಕು ಎಂದುಕೊಳ್ಳುತ್ತಲೇ ಹನ್ನೆರಡು ವರ್ಷವಾಗಿದೆ.

ಹೊಳಲ್ಕೆರೆಯ ನಿಲ್ದಾಣದಲ್ಲಿ ಆ ಕಂಬಳಿಯವರನ್ನು ಕೇಳಿದೆ. "ಯಾವ ಕಡೆಯವ್ರು ಯಜಮಾನ್ರೆ?"

ರಾಮಗಿರಿಯಾಚೆಗಿನ ಅದೇ ಹಟ್ಟಿಯ ಹೆಸರು ಹೇಳಿದರು. ನನಗೆ ಖುಷಿಯಾಗಿ ಬಡಬಡ ಕೇಳಿದೆ. ಅಲ್ಲೊಬ್ಬಾಕೆ ಇದ್ದಾಳಲ್ಲ, ರಂಗ ಅಂತ ಮಗ ತೀರಿಹೋಗಿದ್ದ, ಪಕ್ಕದ ಮನೆ ಹುಡುಗಿಯನ್ನು ದುರ್ಗಕ್ಕೆ ಕರೆದುಕೊಂಡು ಬರುತ್ತಿದ್ದಳು, ಹೇಗಿದ್ದಾಳೆ?

"ರಂಗನ ಅವ್ವನಾ? ಹೋದ್ಲಲ್ಲಮ್ಮ, ಹೋದ ಬ್ಯಾಸ್ಗ್ಯಾಗೆ. ಹೊಟ್ಟೆ ನೋವು ಅಂದ್ಲು. ದಾವಣಗೆರೆಗೆ ಕರ್ಕಂಡು ಹೋಗೋದ್ರಾಗೆ ಆಗೋತು."

ಅವರು ಕಂಬಳಿ ಮಡಚುತ್ತಲೇ ಮುಂದುವರಿಸಿದರು.

"ಮಣ್ಣಿಗಿಡೋ ಹೊತ್ನಾಗೆ ಆ ಭಾಗ್ಯ ಐತಲ್ಲ, ಅದು ತಡೀರಿ ಅಂತು. ಮನೆಗೆ ಹೋಗಿ ಬತ್ತೀನಿ ಅಂತ ಹೋತು. ನಾವೆಲ್ಲ ಬಿಸಿಲಾಗೆ ಕಾದ್ವಿ. ತಂದಿದ್ದೇನು ಅಂದ್ರೆ ಗೇಣುದ್ದದವು ಎರಡು ಪ್ಲಾಸ್ಟಿಕ್ ಬೂಟು, ಹಳೇವು. ಆಕಿ ಮಗ್ಗುಲಿಗೆ ಇಟ್ಟು, ಈಗ ಮಣ್ಣು ಹಾಕ್ರಿ ಅಂತು. ಯಾರ್ದೋ ಏನೋ."

"ರಂಗಂದು" ಎಂದೆ. ಆಮೇಲೆ ಇನ್ನೊಂದು ಮಾತು ತಲೆಗೆ ಹೊಳೆಯಿತು. "ಭಾಗ್ಯ ಹೋಗಿ ತಂದಳಾ? ನಡ್ಕೊಂಡು? ಒಬ್ಬಳೇ?"

ಅವರು ನನ್ನನ್ನು ವಿಚಿತ್ರವಾಗಿ ನೋಡಿದರು. "ಮತ್ತಿನ್ಯಾರು ಎತ್ಕಂಡು ಹೋಗ್ತಾರಮ್ಮ ಅಷ್ಟು ದೊಡ್ಡ ಹುಡುಗೀನ? ಒಂಚೂರು ಕುಂಟ್ತೈತೆ, ಅಷ್ಟೇ."

ಚಿತ್ರದುರ್ಗದ ಬಸ್ಸು ಬಂತು, ಹಾರನ್ ಹೊಡೆಯಿತು, ಹೋಯಿತು. ನನಗೆ ಹತ್ತಲಾಗಲಿಲ್ಲ.

ಒಂದು ಕಂಬಳಿ ಕೊಂಡು ತಂದೆ. ಸಿಂಚನಾ ನಡೆಯುವುದಿಲ್ಲ. ಗಾಲಿಕುರ್ಚಿಯಲ್ಲೇ ದೊಡ್ಡವಳಾಗಿದ್ದಾಳೆ. ಮಾತು ಈಗಲೂ ಒಂದೆರಡು. ಕಂಬಳಿಯನ್ನು ಅವಳ ತೊಡೆಯ ಮೇಲೆ ಹಾಸಿದೆ. ಅವಳು ಬಗ್ಗಿ ಮುಖ ಒತ್ತಿಕೊಂಡಳು, ತುಂಬ ಹೊತ್ತು ಎತ್ತಲಿಲ್ಲ. ಎತ್ತಿದಾಗ ಬಾಗಿಲ ಕಡೆ ನೋಡಿ "ಅವ್ವ" ಎಂದಳು. ನನ್ನನ್ನು ಅವಳು ಕರೆಯುವುದು ಅಮ್ಮ ಎಂದು. ಆ ಕೇಂದ್ರ ಬಿಟ್ಟ ಮೇಲೆ ಇಷ್ಟು ವರ್ಷದಲ್ಲಿ ಆ ಮಾತನ್ನು ಅವಳ ಬಾಯಲ್ಲಿ ನಾನು ಕೇಳಿರಲಿಲ್ಲ.

ಅವ್ವ ಇಲ್ಲ ಮಗಳೇ, ಹೋದಳು ಎಂದೆ. ಸಿಂಚನಾ ನಂಬಲಿಲ್ಲ. ಕಂಬಳಿಯನ್ನು ಇನ್ನೊಮ್ಮೆ ಮೂಸಿ, ಮತ್ತೆ ಬಾಗಿಲ ಕಡೆಗೇ ನೋಡುತ್ತ ಕೂತಳು.