ಚಹಾದ ಬೋಗಾಣಿಯಲ್ಲಿ ಥರ್ಮೋಸ್ಟ್ಯಾಟ್

ಮಹಾಲಿಂಗಪುರದ ಬಸ್ ಸ್ಟ್ಯಾಂಡ್ ಎದುರು, ಮಟಮಟ ಮಧ್ಯಾಹ್ನ, ನಿಮ್ಮ ಕಾರಿನ ಬಾನೆಟ್ಟಿನಿಂದ ಬುಸುಬುಸು ಹಬೆ ಏಳತೊಡಗಿದರೆ ನೀವು ಏನು ಮಾಡುತ್ತೀರಿ?

ನಾನು ಒಬ್ಬ ಮುದುಕನನ್ನು ಬೈದೆ.

ಅದೂ ಫೋನಿನಲ್ಲಿ. ಅದೂ ನೆರೆದವರೆಲ್ಲ ಕೇಳುವಂತೆ.

ಮೊದಲು ಕಾರಿನ ವಿಷಯ ಹೇಳಿಬಿಡುತ್ತೇನೆ. (ಈ ಅಂಕಣದ ಜಮಖಂಡಿಯ ಓದುಗರಿಗೆ ಅದರ ಪರಿಚಯ ಬೇಕಿಲ್ಲ. ಅರ್ಧ ಊರು ಅದನ್ನು ಒಮ್ಮೆಯಾದರೂ ತಳ್ಳಿದೆ.) ಇಂಗ್ಲೆಂಡಿನ ಸ್ಪೋರ್ಟ್ಸ್ ಕಾರು. ಎರಡೇ ಸೀಟು, ಮೇಲೆ ಟಾಪಿಲ್ಲ, ವಯಸ್ಸಿನಲ್ಲಿ ನನಗಿಂತ ಎರಡು ವರ್ಷ ಹಿರಿದು. ನನ್ನ ಸೋದರಮಾವನದು. ಅವನ ಮಕ್ಕಳು ಬೇಡವೆಂದರು, ನಾನು ಬೇಡವೆನ್ನಲಿಲ್ಲ. ಕಾಲೇಜಿನಲ್ಲಿ ಇತಿಹಾಸ ಕಲಿಸುವವನಿಗೆ ಹಳೆಯದೆಲ್ಲ ಚೆಂದವೇ ಕಾಣುತ್ತದೆ.

ಕಾರು ಮನೆಗೆ ಬಂದ ವಾರವೇ ರಾಜೇಸಾಬ ಮಿಸ್ತ್ರಿಯ ಗ್ಯಾರೇಜಿಗೆ ಒಯ್ದೆ. ಊರಿಗೆಲ್ಲ ಅವರು ಚಾಚಾ. ಎಪ್ಪತ್ತರ ಹತ್ತಿರದ ವಯಸ್ಸು. ಜೀಪು, ಟ್ರ್ಯಾಕ್ಟರು, ಟೆಂಪೋ ಯಾವುದೇ ಇರಲಿ, ಶಬ್ದ ಕೇಳಿಯೇ ರೋಗ ಹೇಳುವವರು. ಬಾನೆಟ್ ಎತ್ತಿದವರು ಮೊದಲು ಮಾಡಿದ ಕೆಲಸವೆಂದರೆ ಥರ್ಮೋಸ್ಟ್ಯಾಟ್ ಕಿತ್ತು ಒಂದು ಹಳೆಯ ಡಬ್ಬಿಗೆ ಹಾಕಿದ್ದು.

ಥರ್ಮೋಸ್ಟ್ಯಾಟ್ ಅಂದರೆ ಎಂಜಿನ್ನಿಗೂ ರೇಡಿಯೇಟರಿಗೂ ನಡುವೆ ಕೂತಿರುವ ಸಣ್ಣ ವಾಲ್ವ್. ಎಂಜಿನ್ ಹದವಾಗಿ ಕಾಯುವ ತನಕ ಬಾಗಿಲು ಮುಚ್ಚಿಕೊಂಡಿರುತ್ತದೆ. ಕಾದ ಮೇಲೆ ತೆರೆದು ಬಿಸಿನೀರನ್ನು ತಣ್ಣಗಾಗಲು ರೇಡಿಯೇಟರಿಗೆ ಬಿಡುತ್ತದೆ. ಅಷ್ಟೇ ಅದರ ನೌಕರಿ.

"ಇದು ಥಂಡಿ ದೇಶದಾಗ ಬೇಕ್ರಿ ಸರ," ಅಂದರು ಚಾಚಾ. "ನಮ್ಮ ಬಿಸಲಾಗ ಎಂಜಿನ್ ಕಾಯಸಾಕ ಇದ್ಯಾಕ? ಸೂರ್ಯಾನ ಕಾಯಿಸ್ತಾನ."

ಇದು ಚಾಚಾ ಒಬ್ಬರ ಮಾತಲ್ಲ. ನಮ್ಮ ಕಡೆಯ ಮಿಸ್ತ್ರಿಗಳಲ್ಲಿ ಇದೊಂದು ಶಾಸ್ತ್ರವೇ ಆಗಿದೆ. ಗಾಡಿ ಬಂತೋ, ಥರ್ಮೋಸ್ಟ್ಯಾಟ್ ಹೊರಗೆ! ನಾನೂ ತಲೆಯಾಡಿಸಿದೆ. ಬೇಸಿಗೆಯಲ್ಲಿ ಮನೆಯ ಗೇಟು ಮುಟ್ಟಿದರೆ ಕೈ ಸುಡುವ ಊರು ನಮ್ಮದು. ಇಲ್ಲ ಅನ್ನುವುದು ಹೇಗೆ?

ಅಂದಿನಿಂದ ಕಾರು ಕುದಿಯತೊಡಗಿತು. ಮೊದಲ ಸಲ ಚಾಚಾ ರೇಡಿಯೇಟರ್ ತೊಳೆದರು. ಎರಡನೇ ಸಲ ಫ್ಯಾನ್ ಬೆಲ್ಟ್ ಬದಲಿಸಿದರು. ಆಲಮಟ್ಟಿಯ ಹಿನ್ನೀರು ಬೀಳಗಿಯ ಹೊಲಗಳ ತನಕ ಬಂದು ನಿಂತಿದೆ, ನನ್ನ ಕಾರು ಮಾತ್ರ ಕಂಡಕಂಡವರ ಮನೆ ಮುಂದೆ ಒಂದು ಕೊಡ ನೀರಿಗೆ ನಿಲ್ಲುತ್ತಿತ್ತು.

ಮೂರನೇ ಸಲವೇ ಮಹಾಲಿಂಗಪುರ. ಹೆಂಡತಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಅಲ್ಲಿರುವ ಅವಳ ತವರಿಗೆ ಹೊರಟಿದ್ದೆ. ಅಳಿಯ ಸ್ಪೋರ್ಟ್ಸ್ ಕಾರಿನಲ್ಲಿ ಬಂದ ಅಂತ ಓಣಿಯೆಲ್ಲ ನೋಡಬೇಕಿತ್ತು. ನೋಡಿತು, ಆದರೆ ಬಸ್ ಸ್ಟ್ಯಾಂಡಿನಲ್ಲಿ.

"ಸರ್ರ, ಇದರಾಗ ಕಬ್ಬಿನ ಹಾಲು ಹಾಕೀರೇನ್ರಿ?" ಅಂದ ಬೆಲ್ಲದ ಅಡತಿ ಅಂಗಡಿಯವನೊಬ್ಬ. "ಇನ್ನರ್ಧಾ ತಾಸಿಗೆ ಛಲೋ ಬೆಲ್ಲ ಇಳೀತೈತಿ ನೋಡ್ರಿ!"

ನಗುವೋ ನಗು. ಹೆಂಡತಿ ಸೆರಗು ಮುಖದ ತನಕ ಎಳೆದುಕೊಂಡಳು. ನಾನು ಫೋನ್ ತೆಗೆದೆ.

"ಮೂರ ಸಲ ಆತು! ನಿಮಗ ವಯಸ್ಸಾಗೇತಿ ಚಾಚಾ, ಕೈಯಾಗ ಏನೂ ಉಳಿದಿಲ್ಲ. ಗ್ಯಾರೇಜ್ ಬಂದ್ ಮಾಡಿ ಮನ್ಯಾಗ ಕುಂಡರ್ರಿ!"

"ಬರ್ತೀನ್ರಿ ಸರ" ಅಂದರು ಚಾಚಾ.

ಬಸ್ಸು ಹಿಡಿದು ಬಂದರು. ಜನ "ಇವನ ಆ ಮಿಸ್ತ್ರಿ" ಅಂತ ಬೆರಳು ಮಾಡಿದರು. ಚಾಚಾ ಯಾರ ಮುಖವನ್ನೂ ನೋಡಲಿಲ್ಲ. ನೀರು ತುಂಬಿಸಿ, ಎಂಜಿನ್ ಶುರು ಮಾಡಿಸಿ, ಒಂದೊಂದೇ ಪೈಪಿನ ಮೇಲೆ ಕೈಯಿಟ್ಟರು. ರೇಡಿಯೇಟರಿನ ಕೆಳಗಿನ ಪೈಪು ಉಗುರುಬೆಚ್ಚಗಿತ್ತು. ಎಂಜಿನ್ ಪಕ್ಕದ ಒಂದು ಸಣ್ಣ ಪೈಪು ಮುಟ್ಟಿದವರೇ ಕೈ ಹಿಂದೆಗೆದುಕೊಂಡರು. ಮತ್ತೆ ಮುಟ್ಟಿದರು. ಕಾರನ್ನು ಟೆಂಪೋಕ್ಕೆ ಕಟ್ಟಿಸಿ ಊರಿಗೆ ತಂದರು.

ನಾನು ಬೈದ ಮಾತು ಟೆಂಪೋಕ್ಕಿಂತ ಮೊದಲೇ ಜಮಖಂಡಿ ಮುಟ್ಟಿತ್ತು. ಮರುದಿನ ಚಾಚಾರ ಬಳಿ ಬರಬೇಕಿದ್ದ ಎರಡು ಜೀಪು ಬೇರೆ ಗ್ಯಾರೇಜಿಗೆ ಹೋದವು. "ಪೇಪರಿನ್ಯಾಗ ಬರಿಯೋ ಸರ್ರ ಅಂದಾರಂದ್ರ ಖರೇನ ಇರಬೇಕು" ಅಂದರಂತೆ ಮಾಲೀಕರು. ನಲವತ್ತು ವರ್ಷದ ಹೆಸರು, ನನ್ನದೊಂದು ಫೋನು! ಕೇಳಿದ ಮೇಲಾದರೂ ಹೋಗಿ ಮುಖ ತೋರಿಸಿದೆನೇ? ಇಲ್ಲ.

ಗುರುವಾರ ಚಾಚಾರೇ ಫೋನ್ ಮಾಡಿದರು. ಗ್ಯಾರೇಜಿನ ಎದುರಿಗಿರುವ ಗಂಗವ್ವನ ಚಹಾದಂಗಡಿಗೆ ಬರಬೇಕಂತೆ.

ಹೋದೆ. ಒಲೆಯ ಮೇಲೆ ಬೋಗಾಣಿ. ಅದರ ಮೇಲೆ ಅಡ್ಡಲಾಗಿ ಒಂದು ಕಡ್ಡಿ. ಕಡ್ಡಿಗೆ ದಾರ ಕಟ್ಟಿ ನೀರಿನಲ್ಲಿ ಇಳಿಬಿಟ್ಟ ಎರಡು ಥರ್ಮೋಸ್ಟ್ಯಾಟು. ಸುತ್ತ ಚಹಾ ಕುಡಿಯುವ ಏಳೆಂಟು ಮಂದಿ.

"ಚಾ ಕಾಸೋ ಬೋಗಾಣ್ಯಾಗ ಮೋಟರ್ ಸಾಮಾನ ಹಾಕ್ಯಾನ ನೋಡ್ರಿ ಈ ಮುದಕ!" ಗಂಗವ್ವ ನನ್ನ ಹತ್ತಿರ ದೂರು ಕೊಟ್ಟಳು. "ನಾಳಿ ಚಾ ಗ್ರೀಸ್ ನಾರಿದ್ರ ಯಾರ ಕುಡೀತಾರು?"

"ಒಂದ ಸಲ ಸುಮ್ನ ನಿಂದರ ಬೇ," ಅಂದರು ಚಾಚಾ. "ಸರ, ಇದು ಜೀಪಿಂದು. ಇದು ನಿಮ್ಮ ಗಾಡಿದು. ನೋಡಕೋತ ಇರ್ರಿ."

ನೀರು ಕಾಯಿತು. ಎರಡೂ ವಾಲ್ವ್ ಮೆಲ್ಲಗೆ ಬಾಯಿ ತೆರೆದವು. ಆದರೆ ನನ್ನ ಕಾರಿನದಕ್ಕೆ ಸುತ್ತಲೂ ಒಂದು ಲೋಹದ ಬಳೆ ಇತ್ತು. ವಾಲ್ವ್ ತೆರೆದಂತೆ ಆ ಬಳೆಯೂ ಜೊತೆಗೇ ಸರಿಯಿತು. ಜೀಪಿನದಕ್ಕೆ ಬಳೆಯೇ ಇರಲಿಲ್ಲ.

"ಜೀಪಿಂದು ಒಂದ ಬಾಗಲಾ ತೆರೀತೈತಿ, ಅಷ್ಟ. ನಿಮ್ಮದು ಒಂದ ಬಾಗಲಾ ತೆರದು, ಈ ಬಳೆಲೇ ಇನ್ನೊಂದ ಬಾಗಲಾ ಮುಚ್ಚತೈತಿ. ನಾ ಇದನ್ನ ಕಿತ್ತ ಇಟ್ಟೆ. ಆ ಇನ್ನೊಂದು ಬಾಗಲಾ ತೆರದ ಉಳೀತು. ಬಿಸಿನೀರು ರೇಡಿಯೇಟರಿಗಿ ಹೋಗೂದು ಬಿಟ್ಟು, ಆ ಸಣ್ಣ ಪೈಪಿನ್ಯಾಗ ಹಾಯ್ದು ಹೊಳ್ಳಿ ಎಂಜಿನ್ನಿಗೇ ಹೋಗಾಕತ್ತಿತ್ತು. ಕುದೀದ ಏನ ಮಾಡತೈತ್ರಿ?"

ತಣ್ಣಗಿರಲಿ ಅಂತ ಕಿತ್ತದ್ದೇ ಕಾರನ್ನು ಕುದಿಸುತ್ತಿತ್ತು. ಯಾವ ಪುಸ್ತಕವೂ ಇಲ್ಲದೆ, ನಾಲ್ಕು ದಿನ ಕೂತು, ಎಪ್ಪತ್ತರ ಮುದುಕ ಇದನ್ನು ಕಂಡುಹಿಡಿದಿದ್ದ. ನಾನು ಏನೂ ಉಳಿದಿಲ್ಲ ಅಂದಿದ್ದ ಅದೇ ಕೈಯಿಂದ.

ಚಾಚಾ ಅಲ್ಲಿ ಕೂತವರ ಕಡೆ ತಿರುಗಿದರು. "ಗಾಡಿದೇನೂ ತಪ್ಪಿಲ್ಲ. ತಪ್ಪು ನಂದು. ನಲವತ್ತ ವರ್ಷ ಎಲ್ಲಾ ಎಂಜಿನ್ನೂ ಒಂದ ಅಂತ ತಿಳಕೊಂಡ ಕಿತ್ತೀನಿ. ಸರ್ರು ಬೈದದ್ದ ಛಲೋ ಆತು. ಇಲ್ಲಾಂದ್ರ ನಾ ವಿಚಾರ ಮಾಡ್ತಿದ್ದಿಲ್ಲ."

ಆ ಕೊನೆಯ ಮಾತು ನನ್ನನ್ನು ಚುಚ್ಚಿತು. ಕ್ಷಮೆ ಕೇಳಲು ಇದಕ್ಕಿಂತ ಒಳ್ಳೆಯ ಗಳಿಗೆ ಸಿಕ್ಕೀತೇ? ಬಾಯಿ ತೆರೆದೆ. "ಚಾ ತಗೋರಿ ಚಾಚಾ" ಅಂದೆ.

ಥರ್ಮೋಸ್ಟ್ಯಾಟ್ ಮರಳಿ ತನ್ನ ಜಾಗಕ್ಕೆ ಸೇರಿತು. ಭಾನುವಾರ ಚಾಚಾರನ್ನು ಪಕ್ಕದಲ್ಲಿ ಕೂರಿಸಿಕೊಂಡು ಮುಧೋಳ ದಾಟಿ ತಿಮ್ಮಾಪುರದ ತನಕ ಹೋಗಿಬಂದೆ. ಅಲ್ಲಿಯ ನಾಯಿ ಸಾಕಣೆ ಕೇಂದ್ರದ ಮುಧೋಳ ಬೇಟೆನಾಯಿಗಳು ಕೂಡ ಬಿಸಿಲಿಗೆ ನಾಲಿಗೆ ಚಾಚಿ ತೇಕುತ್ತಿದ್ದವು. ಕಾರಿನ ಬಿಸಿ ತೋರಿಸುವ ಮುಳ್ಳು ಮಾತ್ರ ನಡುವೆ ನಿಂತದ್ದು ಕದಲಲಿಲ್ಲ. ಚಾಚಾ ಟೊಪ್ಪಿಗೆಯನ್ನು ಕೈಯಿಂದ ಒತ್ತಿ ಹಿಡಿದು ಗಾಳಿಗೆ ಮುಖವೊಡ್ಡಿ ಕೂತಿದ್ದರು. ದಾರಿಯಲ್ಲಿ ಎರಡು ಸಲ ಕ್ಷಮೆ ಕೇಳಲು ಹೊರಟೆ. ಒಂದು ಸಲ ಮಳೆಯ ಬಗ್ಗೆ ಕೇಳಿದೆ, ಇನ್ನೊಂದು ಸಲ ಅವರ ಮೊಮ್ಮಗಳ ಶಾಲೆಯ ಬಗ್ಗೆ.

ಮನೆಗೆ ಬಂದಾಗ ಹೆಂಡತಿ ಕೇಳಿದಳು, "ಹೇಳಿದ್ರ್ಯಾ?"

"ಚಾ ಕುಡಿಸೇನಿ. ಗಾಡ್ಯಾಗ ಕರಕೊಂಡ ಹೋಗಿ ಬಂದೇನಿ. ಮತ್ತೇನ ಬೇಕು?"

"ಬೈಯೂದು ಬಸ್ ಸ್ಟ್ಯಾಂಡಿನ್ಯಾಗ. ತಪ್ಪಾತು ಅನ್ನೂದು ಚಾದ ಕಪ್ಪಿನ್ಯಾಗೇನ್ರಿ?"

ನಾನು ಬಾಯಿ ಬಿಟ್ಟು ಹೇಳುವ ತನಕ ಅವಳು ಆ ಕಾರು ಹತ್ತುವುದಿಲ್ಲವಂತೆ. ಆ ಎರಡು ಜೀಪೂ ಇನ್ನೂ ಚಾಚಾರ ಗ್ಯಾರೇಜಿಗೆ ಮರಳಿಲ್ಲ.

ಆದ್ದರಿಂದ ಈ ವಾರದ ಅಂಕಣದಲ್ಲಿ ಇದನ್ನು ಬರೆಯುತ್ತಿದ್ದೇನೆ. ಚಾಚಾ, ಕಾರಿನ ತಪ್ಪನ್ನು ನೀವು ಎಲ್ಲರೆದುರು ಒಪ್ಪಿಕೊಂಡಿರಿ. ನಾಲಿಗೆಯ ತಪ್ಪು ನನ್ನದು. ನಿಮ್ಮ ಕೈಗೆ ಏನೂ ಆಗಿಲ್ಲ. ತಪ್ಪಾಯಿತು.

ಮಹಾಲಿಂಗಪುರದ ಬಸ್ ಸ್ಟ್ಯಾಂಡಿನಲ್ಲಿ ಕೂತು ಇದನ್ನು ಓದುತ್ತಿರುವವರು ಯಾರಾದರೂ ಇದ್ದರೆ, ಮೇಲಿನ ಸಾಲನ್ನು ಇನ್ನೊಮ್ಮೆ ಸ್ವಲ್ಪ ಜೋರಾಗಿ ಓದುತ್ತೀರಾ?